ಬೇವಿನ ಮರಕ್ಕೆ ಕಟ್ಟಿದ ಕಟ್ಟೆ

ಚಿನ್ನವ್ವ, ಪುಟ್ಟಪ್ಪ,

ಹೋದ ಸಲ ಹತ್ತಿಮತ್ತೂರಿಗೆ ರಜೆಗೆ ಬಂದಾಗ, ನಮ್ಮ ಬೇವಿನ ಮರ ಹೇಗೆ ಸತ್ತಿತು ಎಂದು ಕೇಳಿದ್ದಿರಿ. ವಯಸ್ಸಾಗಿತ್ತು ಎಂದು ಹೇಳಿ ನಾನು ಒಳಗೆ ಎದ್ದುಹೋದೆ. ಅದು ಸುಳ್ಳು. ಎದುರಿಗೆ ಕೂತು ಹೇಳಲು ನನ್ನಿಂದ ಆಗದು, ಅದಕ್ಕೇ ಬರೆಯುತ್ತಿದ್ದೇನೆ.

ಸವಣೂರಿನ ರಸ್ತೆ ಅಗಲ ಮಾಡುವಾಗ ಮನೆಯ ಮುಂದಿನ ಆ ಮರ ಅಡ್ಡ ಬಂತು. ನನ್ನ ಅತ್ತೆ ನೆಟ್ಟದ್ದು. ನಾನು ತಬ್ಬಿದರೆ ಕೈಗೆ ಕೈ ಕೂಡುತ್ತಿರಲಿಲ್ಲ. ಕಡಿಯುವುದು ಬೇಡ, ಬೇರು ಸಮೇತ ಎತ್ತಿ ಗುಡಿಯ ಹಿಂದಿನ ಖಾಲಿ ಜಾಗದಲ್ಲಿ ನೆಡೋಣ ಎಂದವರು ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ. ಊರವರು ನಕ್ಕರು.

"ಏನ್ ಕಾಕಾ, ಮುದುಕಿನ್ನ ಈಗ ಗಂಡನ ಮನಿಗೆ ಕಳಸಾಕತ್ತೀರೇನ?"

ಹಂಸಭಾವಿಯಲ್ಲಿ ಸಸಿ ಬೆಳೆಸಿ ಮಾರುವ ಒಬ್ಬ ಮುದುಕರಿದ್ದರು. ದೊಡ್ಡ ಮರ ಕಿತ್ತು ನೆಟ್ಟು ಬದುಕಿಸುವ ಕೆಲಸ ಬಲ್ಲವರು. "ಒಂದು ಮಳಿಗಾಲ ಪೂರಾ ಬೇಕ್ರಿ. ಗಡಿಬಿಡಿ ಮಾಡೂದಿದ್ರ ನಾ ಬರೂದಿಲ್ಲ" ಎಂದರು. ಮೊದಲು ಬುಡದ ಒಂದು ಮಗ್ಗುಲಿಗೆ ಮಾತ್ರ ತಗ್ಗು ತೋಡಿ ಬೇರು ಕತ್ತರಿಸಿ, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಎಳೆ ಬೇರು ಒಡೆಯಲು ಬಿಟ್ಟರು. ದಸರೆಯ ನಂತರ ಇನ್ನೊಂದು ಮಗ್ಗುಲು. ಟೊಂಗೆ ಕಡಿದ ಗಾಯಗಳಿಗೆ ಸೆಗಣಿ ಮೆತ್ತಿದರು, ಕಾಂಡಕ್ಕೆ ಹಸಿ ಗೋಣಿಚೀಲ ಸುತ್ತಿದರು. ಮೂಡಣಕ್ಕಿದ್ದ ಮೈಗೆ ಸುಣ್ಣದ ಗೆರೆ ಎಳೆದರು. ಹೊಸ ಜಾಗದಲ್ಲೂ ಅದೇ ಮೈ ಮೂಡಣಕ್ಕೇ ನಿಲ್ಲಬೇಕಂತೆ.

ಸಂಕ್ರಾಂತಿಯ ಸುಮಾರಿಗೆ ಕ್ರೇನು ಬಂತು. ಮಣ್ಣಿನ ಹೆಂಟೆ ಸಮೇತ ಮರ ಮೇಲೆದ್ದಾಗ ಊರಿಗೆ ಊರೇ ಸೀಟಿ ಹೊಡೆಯಿತು. ನೆಟ್ಟಾದ ಮೇಲೆ ಗಂಡಸರೆಲ್ಲ ಕ್ರೇನಿನ ಸುತ್ತ ನಿಂತಿದ್ದರು. ನೀರು ಹಾಕುವವಳು ನಾನಾದ್ದರಿಂದ ಆ ಮುದುಕರು ನನ್ನನ್ನು ಕರೆದು, ಕಾಂಡ ಅಗಲವಾಗಿ ಮಣ್ಣಿಗಿಳಿಯುವ ಕಡೆ ಕೈಯಿಟ್ಟು ತೋರಿಸಿದರು.

"ಇದು ಗಿಡದ ಕುತಗಿ ಇದ್ದಂಗ ಯವ್ವಾ. ಇದಕ್ಕ ಗಾಳಿ ಬೇಕು. ಒಂದು ಗೇಣು ಮಣ್ಣು ಏರಿಸಿದ್ರೂ ತೊಗಟಿ ಕೊಳೀತೈತಿ. ಯಾರಿಗೂ ಏರಸಾಕ ಬಿಡಬ್ಯಾಡ."

"ಹೂಂ ರಿ" ಎಂದೆ.

ಯುಗಾದಿಗೆ ಬೋಳು ಮರದ ಮೈತುಂಬ ಕೆಂಪು ಚಿಗುರು ಬಂತು. ನಕ್ಕವರೇ ಬಂದು, "ಮುದುಕಿ ಹೊಂದಿಕೊಂಡ್ಳು ಬಿಡ್ರಿ" ಎಂದರು. ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚಿದರು. ಇಂಥ ಮರಕ್ಕೆ ಕಟ್ಟೆ ಇಲ್ಲದಿದ್ದರೆ ಊರಿಗೇ ಶೋಭೆಯಲ್ಲ ಎಂದು ಭಾವ ಗೌಂಡಿಗಳನ್ನು ಕರೆಸಿದರು. ಸುತ್ತಲೂ ಸೊಂಟದೆತ್ತರ ಕಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿ, ಮೇಲೆ ಕೂರಲು ಫರಸಿ ಕಲ್ಲು ಹಾಸುವುದು ನಮ್ಮ ಕಡೆಯ ರೂಢಿ.

ಅಡುಗೆಮನೆಯಲ್ಲಿ ಭಾವನ ಹೆಂಡತಿಗೆ ಹೇಳಿದೆ. "ಅಕ್ಕಾರ, ಬುಡಕ್ಕ ಮಣ್ಣು ಏರಸಬಾರದಂತ. ಭಾವಾರಿಗೆ ಒಂದು ಮಾತು ಹೇಳ್ರಿ."

"ಊರೂರಿಗೆ ಕಟ್ಟಿ ಅದಾವು. ಆ ಗಿಡಾ ಎಲ್ಲಾ ಸತ್ತಾವೇನ? ಭಾಳ ಶ್ಯಾಣ್ಯಾಕಿ ಆಗೀದಿ, ನೀನ ಹೋಗಿ ಹೇಳು."

ಸಣ್ಣದಿದ್ದಾಗಿನಿಂದ ಕಟ್ಟೆಯೊಳಗೇ ಬೆಳೆದ ಮರದ ಮಾತು ಬೇರೆ. ಆಗ ಅದನ್ನು ಹೇಳಲು ನನಗೆ ತಿಳಿಯಲಿಲ್ಲ. ಮದುವೆಯಾಗಿ ಬಂದಂದಿನಿಂದ ನಾನು ಭಾವನ ಎದುರು ನಿಂತು ಮಾತಾಡಿದವಳಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ನನ್ನ ಮಾತೆಲ್ಲ ಅಕ್ಕನ ಬಾಯಿಂದಲೇ ಹೋಗಬೇಕಿತ್ತು. ಆದರೂ ಅವತ್ತು ಚಹಾದ ಕಿಟಲಿ ಹಿಡಿದು ಹೋದೆ. ಬುಟ್ಟಿ ಬುಟ್ಟಿ ಮಣ್ಣು ಬೀಳುತ್ತಿತ್ತು. ಕುತ್ತಿಗೆ ಆಗಲೇ ಮುಚ್ಚಿಹೋಗಿತ್ತು. ನಾನು ನಿಂತೇ ಇದ್ದುದನ್ನು ಕಂಡು ಭಾವನೇ ಕೇಳಿದರು:

"ಏನವಾ, ಏನರ ಹೇಳೂದೈತೇನ?"

"ಏನಿಲ್ರಿ. ಚಾ ತಂದೇನ್ರಿ."

ಕೇಳಲಿಲ್ಲ ಎಂದು ಭಾವನನ್ನು ದೂರುವಂತೆಯೂ ಇಲ್ಲ. ಕೇಳಿದ್ದರು.

ಇನ್ನೊಂದು ಯುಗಾದಿಗೂ ಮರ ಚಿಗುರಿತು, ಆದರೆ ಎಲೆ ಸಣ್ಣವು, ಹಳದಿ. ಅದರ ಮುಂದಿನ ಬೇಸಿಗೆಯಲ್ಲಿ ಟೊಂಗೆಗಳು ಒಣಗತೊಡಗಿದಾಗ ಹಂಸಭಾವಿಗೆ ಹೇಳಿಕಳಿಸಿದರು. ಮುದುಕರು ಫರಸಿ ಎತ್ತಿಸಿ, ಮಣ್ಣು ತೋಡಿ ಕೈಹಾಕಿದರೆ ತೊಗಟೆ ತೊಯ್ದ ರಟ್ಟಿನಂತೆ ಕಿತ್ತು ಬಂತು. ನಾರುತ್ತಿತ್ತು.

"ಮಣ್ಣು ಏರಸಬ್ಯಾಡ್ರಿ ಅಂತ ಹೇಳಿದ್ನೆಲ್ರಿ?"

"ನಮಗ್ಯಾರೂ ಹೇಳಿಲ್ಲ" ಎಂದರು ಭಾವ.

ಮುದುಕರು ತಲೆಯೆತ್ತಿ, ಕೊಡ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ, "ಹಂಗಾರ ನಾನ ಹೇಳೂದು ಮರ್ತಿರಬೇಕ್ರಿ" ಎಂದು ಕೈ ಝಾಡಿಸಿಕೊಂಡು ಎದ್ದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಅವರನ್ನು ನಮ್ಮ ಕಡೆ ಮತ್ತೆ ಯಾರೂ ಕರೆಯಲಿಲ್ಲ. "ದೊಡ್ಡ ಗಿಡ ಕಿತ್ತು ಹಚ್ಚಿದ್ರ ಬದುಕೂದಿಲ್ಲ, ನಾವು ಮಾಡಿ ನೋಡೇವಿ" ಎಂದು ಭಾವ ಸಾಯುವವರೆಗೂ ಹೇಳುತ್ತಿದ್ದರು. ಶಿಗ್ಗಾವಿಯ ಕಡೆ ರಸ್ತೆ ಮಾಡುವಾಗ ಹುಣಸೆ ಮರಗಳನ್ನು ಕಿತ್ತು ನೆಡುವ ಮಾತು ಬಂದಿತ್ತಂತೆ. ಹತ್ತಿಮತ್ತೂರಿನ ಬೇವು ಏನಾಯಿತು ಎಂದು ಯಾರೋ ಕೇಳಿದರು, ಮಾತು ಅಲ್ಲಿಗೇ ನಿಂತಿತು. ಎಲ್ಲವನ್ನೂ ಕಡಿದರು. ಬಸ್ಸಿನಲ್ಲಿ ಆ ದಾರಿ ಹೋಗುವಾಗ ನಾನು ಕಿಟಕಿಯ ಕಡೆ ಕೂರುವುದಿಲ್ಲ.

ತಿಳವಳ್ಳಿಯಲ್ಲಿ ನಿಮ್ಮ ಮನೆಯ ಮುಂದೆಯೂ ರಸ್ತೆಗೆ ಅಳತೆ ಮಾಡಿಹೋದರು ಎಂದು ನಿಮ್ಮ ಅವ್ವ ಮೊನ್ನೆ ಫೋನಿನಲ್ಲಿ ಹೇಳಿದಳು. ನಿಮ್ಮ ಹೊಂಗೆ ಮರ ಅದರೊಳಗೆ ಬರುತ್ತದಂತೆ. ಮಾಡುವ ಬಗೆಯನ್ನೆಲ್ಲ ನನಗೆ ನೆನಪಿದ್ದಷ್ಟು ಮೇಲೆ ಬರೆದಿದ್ದೇನೆ. ಇದನ್ನು ಈಗಲೇ ನಿಮ್ಮ ಅಪ್ಪನಿಗೆ ತೋರಿಸಿರಿ, ಕೆಲಸದವರು ಬಂದ ದಿನ ಎಲ್ಲರ ಮುಂದೆ ಮತ್ತೆ ಗಟ್ಟಿಯಾಗಿ ಓದಿರಿ. ಅಲ್ಲಿಯವರೆಗೆ ಈ ಹಾಳೆಗಳು ತೊಯ್ಯದಂತೆ, ಕಳೆಯದಂತೆ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಜೋಪಾನವಾಗಿರಲಿ.