ಕುರ್ಚಿಯ ರೆಕಾರ್ಡು

ಕಳೆದ ತಿಂಗಳು ಬದಿಯಡ್ಕದ ಬಸ್ ಸ್ಟ್ಯಾಂಡಿನೆದುರಿನ ಮೊಬೈಲ್ ಅಂಗಡಿಯಿಂದ ಒಂದು ಇಂಗ್ಲಿಷ್ ಹಾಡು ಕೇಳಿಸಿತು. ಗಿಟಾರಿನ ಮೊದಲ ಪೆಟ್ಟಿಗೇ ನಿಂತುಬಿಟ್ಟೆ. ಆದರೆ ಹಾಡುಗಾರ ಬಾಯಿ ತೆರೆದದ್ದೇ ಗುರುತು ತಪ್ಪಿತು. ರಾಗ ಅದೇ, ಮಾತುಗಳೂ ಅವೇ. ಹಾಡುತ್ತಿದ್ದವನು ಮಾತ್ರ ಯಾರೋ ಚುರುಕಿನ ಹುಡುಗ. ನನಗೆ ಗೊತ್ತಿದ್ದವನು ವಯಸ್ಸಾದ, ಭಾರದ ದನಿಯ ಮನುಷ್ಯ. ಅವನನ್ನು ನಾನು ಕೇಳಿದ್ದು ಇದೇ ಅಂಗಡಿಯ ಹಿಂದೆ, ಈಗ ಕಾಂಪ್ಲೆಕ್ಸ್ ಎದ್ದಿರುವ ಜಾಗದಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ. ಆ ಮನೆಯ ಚಾವಡಿಯ ನೆಲ ಕೆಂಪಾಗಿತ್ತು, ಬರಿಗಾಲಿಗೆ ತಣ್ಣಗಿತ್ತು ಎಂದು ನನ್ನ ನೆನಪು. ಉಳಿದಿರುವ ಒಂದೇ ಫೋಟೋ ಕಪ್ಪುಬಿಳುಪಿನದು, ಮನೆಯನ್ನು ನೋಡಿದ ಹೆಚ್ಚಿನವರು ಈಗ ಇಲ್ಲ. ಆ ಕೆಂಪನ್ನು ನಾನೇ ಬಳಿದಿರಲೂಬಹುದು.

ರೆಕಾರ್ಡ್ ಪ್ಲೇಯರ್ ಗಂಗಾಧರ ಮಾಮನದು. ಅಮ್ಮನ ತಮ್ಮನಾದ ಅವನು ಸೌದಿಯಲ್ಲಿ ಕೆಲವು ವರ್ಷ ದುಡಿದು, ಮತ್ತೆ ಹೋಗುವುದಿಲ್ಲ ಎಂದು ಬಂದು ನಮ್ಮಲ್ಲೇ ಉಳಿದವನು. ಅಲ್ಲಿ ಅವನ ಕಂಪೆನಿಯಲ್ಲಿದ್ದ ಒಬ್ಬ ವಿದೇಶಿ ಎಂಜಿನಿಯರ್ ಊರಿಗೆ ಮರಳುವಾಗ ಪ್ಲೇಯರನ್ನೂ ಒಂದಷ್ಟು ರೆಕಾರ್ಡುಗಳನ್ನೂ ಕೊಟ್ಟುಹೋಗಿದ್ದನಂತೆ. ನಮ್ಮ ಕರೆಂಟಿಗೆ ಅದು ಸುಟ್ಟುಹೋಗುತ್ತದೆಂದು ಮಾಮ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ ಇಟ್ಟ. ಡಬ್ಬಿ ಗುಂಯ್ ಎನ್ನುತ್ತಿತ್ತು, ಬಿಸಿಯಾದಾಗ ಅರಗಿನಂಥ ವಾಸನೆ ಬರುತ್ತಿತ್ತು, ಪ್ಲೇಯರ್ ತಿರುಗುತ್ತಿತ್ತು. ತಿರುಗಿದ ಮೇಲೆ ಎಲ್ಲ ಸರಿಯಾಯಿತೆಂದೇ ಎಲ್ಲರೂ ತಿಳಿದರು.

ಶುಕ್ರವಾರ ಮಧ್ಯಾಹ್ನ ಮೂಸಾಕ ಬರುತ್ತಿದ್ದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ಮಾಮನ ಶಾಲೆಯ ಗೆಳೆಯ. ಜುಮಾ ನಮಾಜು, ಊಟ ಮುಗಿಸಿ, ಟೊಪ್ಪಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಚಾವಡಿಯ ಬೆಂಚಿನಲ್ಲಿ ಕೂರುತ್ತಿದ್ದರು. ಒಂದು ಬದಿ ಮುಗಿಯುವ ತನಕ ಯಾರೂ ಮಾತಾಡುವ ಹಾಗಿರಲಿಲ್ಲ. ಮುಗಿದ ಮೇಲೆ ಜಗಳ. ಉಳಿದ ಮಾತೆಲ್ಲ ತುಳುವಿನಲ್ಲಿ ನಡೆದರೆ ಸಂಗೀತದ ಜಗಳ ಮಾತ್ರ ಕನ್ನಡದಲ್ಲಿ; ಗಂಭೀರ ವಿಷಯಕ್ಕೆ ಶಾಲೆಯ ಭಾಷೆಯೇ ಬೇಕು ಎಂದಿತ್ತೋ ಏನೋ.

ಜಗಳ ಒಂದೇ ತಂಡದ ಎರಡು ಆಲ್ಬಮ್‌ಗಳದು. ಮೊದಲನೆಯದು ಮೂಸಾಕರ ಅಂಗಡಿಯಲ್ಲಿ ಕ್ಯಾಸೆಟ್ಟಾಗಿ ಇತ್ತು, ಇಬ್ಬರಿಗೂ ಬಾಯಿಪಾಠ. ಎರಡನೆಯದು ಮಾಮನ ರೆಕಾರ್ಡು. ಹೊದಿಕೆಯ ಮೇಲೆ ಸಮುದ್ರದ ಬದಿಯಲ್ಲಿ ಒಂದು ಖಾಲಿ ಕುರ್ಚಿಯ ಚಿತ್ರ. ಎರಡರ ನಡುವೆ ಹಾಡುಗಾರನ ದನಿ ಇಳಿದಿತ್ತು, ಡ್ರಮ್ಮಿನ ನಡೆ ನಿಧಾನವಾಗಿತ್ತು. ಅಷ್ಟರಲ್ಲಿ ಇಬ್ಬರಿಗೂ ಒಮ್ಮತ. ಅದು ಏಕೆ ಎಂಬಲ್ಲಿ ಜಗಳ.

“ಸುಸ್ತಾಗಿದ್ದಾನೆ ಮಾರಾಯ,” ಎನ್ನುತ್ತಿದ್ದರು ಮೂಸಾಕ. “ಹೆಸರು ಬಂತು, ಹೊಟ್ಟೆ ಬಂತು. ಇನ್ನು ಹಾಡುವುದು ಎಂತಕ್ಕೆ?”

“ಸುಸ್ತಲ್ಲ, ದುಃಖ. ಅವನಿಗೆ ಬೇಕಾದವರು ಯಾರೋ ಹೋಗಿದ್ದಾರೆ. ಆ ಕುರ್ಚಿ ನೋಡು.”

“ಅದು ಫರ್ನಿಚರ್ ಅಂಗಡಿಯ ಜಾಹೀರಾತು.”

ಒಳಗೆ ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿ ಮಾಮನ ಪಕ್ಷ. “ಪಾಪ, ಹೆಂಡತಿ ತೀರಿಹೋದದ್ದಾ ಅವನಿಗೆ?” ಎಂದು ಕೇಳಿದ್ದರಂತೆ. ಇದನ್ನು ನಾನೇ ಕೇಳಿದ್ದೋ, ಆಮೇಲೆ ಅಮ್ಮ ಹೇಳಿ ಗೊತ್ತಾದದ್ದೋ ಈಗ ಹೇಳಲಾರೆ. ಅಜ್ಜಿಯ ದನಿಯಲ್ಲೇ ಕೇಳಿಸುತ್ತದೆ. ಆದರೆ ಅದು ಸಾಕ್ಷಿಯಾಗುವುದಿಲ್ಲ.

ಮಾಮ ತೀರಿಹೋಗಿ ವರ್ಷಗಳಾದವು. ಅದಕ್ಕೂ ಮೊದಲೇ ಪ್ಲೇಯರ್ ಕೆಟ್ಟಿತ್ತು, ಮನೆಯನ್ನು ಕೆಡವಿಯಾಗಿತ್ತು. ಜಗಳ ಮಾತ್ರ ಇತ್ಯರ್ಥವಾಗಲಿಲ್ಲ. ಅಂಗಡಿಯ ಮುಂದೆ ಕೇಳಿದ್ದನ್ನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ನನ್ನ ಗಂಡನಿಗೆ ಹೇಳಿದಾಗ ಅವರು ಸ್ವಲ್ಪ ಯೋಚಿಸಿ ವಿವರಿಸಿದರು. ಸೌದಿಯ ಕರೆಂಟಿನ ಮಿಡಿತ, ಅಂದರೆ ಫ್ರೀಕ್ವೆನ್ಸಿ, ನಮ್ಮದಕ್ಕಿಂತ ವೇಗದ್ದು. ಅಂಥ ಕೆಲವು ಪ್ಲೇಯರ್‌ಗಳ ಮೋಟಾರು ಆ ಮಿಡಿತ ಹಿಡಿದೇ ತಿರುಗುತ್ತದೆ. ಡಬ್ಬಿ ವೋಲ್ಟೇಜನ್ನು ಸರಿ ಮಾಡಬಹುದು, ಮಿಡಿತವನ್ನಲ್ಲ. ನಮ್ಮ ಮನೆಯಲ್ಲಿ ಅದು ಕೊನೆಯ ತನಕ ನಿಧಾನವಾಗಿಯೇ ತಿರುಗಿರಬೇಕು, ಹಾಗಾಗಿ ದನಿಯೂ ಇಳಿದು ಕೇಳಿಸಿರಬೇಕು.

ಈಗ ಬೇರೆ ಊರಿನಲ್ಲಿರುವ ಮೂಸಾಕರಿಗೆ ಹೆಚ್ಚು ನಡೆಯಲಾಗುವುದಿಲ್ಲ. ಹಾಡು ಫೋನಿನಲ್ಲಿ ಸಿಗುತ್ತದೆಂದು ಗೊತ್ತಾಗಿ ನನಗೆ ಹೇಳಿಕಳಿಸಿದರು. ಹೋದೆ.

“ಒಮ್ಮೆ ಹಾಕು ಮಗಳೇ. ಗಂಗಾಧರ ಹೇಳಿದ್ದು ಸರಿಯಾ ಅಂತ ನನಗೆ ಗೊತ್ತಾಗಬೇಕು. ಅವ ಇರುವಾಗ ನಾನು ಒಪ್ಪಲಿಲ್ಲ.”

ಹಾಕಿದೆ. ಮೊದಲು ಅವರು ಫೋನನ್ನು ನೋಡಿದರು, ಆಮೇಲೆ ನನ್ನನ್ನು. ಹಾಡು ಮುಗಿಯುವ ತನಕ ಮಾತಾಡಲಿಲ್ಲ.

“ಇವನಿಗೆ ದುಃಖವೂ ಇಲ್ಲ, ಸುಸ್ತೂ ಇಲ್ಲ,” ಎಂದರು. “ಆರಾಮ ಇದ್ದಾನಲ್ಲ.”

ಪ್ಲೇಯರಿನ ವಿಷಯ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಕಿಟಕಿಯ ಕಡೆ ನೋಡುತ್ತ ಕೂತರು.

“ಹಾಗಾದರೆ ನಾವು ಅಷ್ಟು ವರ್ಷ ಜಗಳ ಮಾಡಿದ್ದು ಯಾರ ವಿಷಯದಲ್ಲಿ?”

ಬೇಕಾದರೆ ಫೋನಿನಲ್ಲೇ ವೇಗ ಇಳಿಸಿ ಹಳೆಯ ಹಾಗೆ ಕೇಳಿಸಬಹುದು ಎಂದೆ. ಅವರು ಕೈಯಲ್ಲಾಡಿಸಿದರು.

“ಬೇಡ. ಗಂಗಾಧರ ಇಲ್ಲದೆ ಅದನ್ನು ಕೇಳಿ ನಾನು ಯಾರಿಗೆ ಹೇಳಲಿ?” ಮತ್ತೆ ಸೇರಿಸಿದರು, “ನಾವು ಕೇಳಿದವನಿಗೆ ದುಃಖ ಇತ್ತು ಮಗಳೇ. ಅದನ್ನು ನಾನು ಒಪ್ಪುತ್ತೇನೆ.”

ಬದಿಯಡ್ಕಕ್ಕೆ ಮರಳುವ ಬಸ್ಸಿನಲ್ಲಿ ನಾನು ಹಾಡನ್ನು ಮತ್ತೆ ಹಾಕಲಿಲ್ಲ. ಆ ತಂಡಕ್ಕೆ ಜಗತ್ತಿನಲ್ಲಿ ಎಷ್ಟೋ ಅಭಿಮಾನಿಗಳಿದ್ದಾರು. ಅದರ ಎರಡನೆಯ ಆಲ್ಬಮಿನ ಬಗ್ಗೆ ಅವರೆಲ್ಲರ ಅಭಿಪ್ರಾಯ ನಮ್ಮದಕ್ಕಿಂತ ಸರಿಯಾಗಿಯೇ ಇದ್ದೀತು. ನಮ್ಮ ಚಾವಡಿಯಲ್ಲಿ ಶುಕ್ರವಾರ ಹಾಡುತ್ತಿದ್ದ, ಯಾರನ್ನೋ ಕಳೆದುಕೊಂಡಿದ್ದ ಆ ಮನುಷ್ಯನನ್ನು ಮಾತ್ರ ಬೇರೆ ಯಾರೂ ಕೇಳಿಲ್ಲ. ಕೇಳಿದವರಲ್ಲಿ ಈಗ ಮೂಸಾಕ ಇದ್ದಾರೆ, ನಾನಿದ್ದೇನೆ. ನಾನಾಗ ಚಿಕ್ಕವಳು, ನನ್ನ ಮಾತನ್ನು ಅಷ್ಟಾಗಿ ನಂಬುವ ಹಾಗಿಲ್ಲ.