ಒಂದೇ ಕಂಬಳಿಯ ಹಬೆ

ನಮ್ಮ ಮನೆತನದಲ್ಲಿ ನೆಗಡಿಗೆ ಒಂದೇ ಶಾಸ್ತ್ರ. ಕುದಿಯುವ ನೀರಿನ ಪಾತ್ರೆ, ಅದರ ಮೇಲೊಂದು ಕಂಬಳಿ, ಕಂಬಳಿಯೊಳಗೆ ಮನೆಮಂದಿಯೆಲ್ಲ. ಒಬ್ಬನ ಮೂಗಿಗಾಗಿ ಒಂದು ಪಾತ್ರೆ ನೀರು ಕಾಯಿಸುವುದು ಅಮ್ಮನ ದೃಷ್ಟಿಯಲ್ಲಿ ಗ್ಯಾಸಿಗೆ ಬಗೆದ ಅಪಚಾರ. ಮೈಸೂರಿನಿಂದ ವಡಾಲಕ್ಕೆ ಬಂದಾಗ ಪಾತ್ರೆಪಡಗಗಳ ಜೊತೆ ಈ ಶಾಸ್ತ್ರವೂ ಬಂದು ನೆಲೆಸಿತು.

ಆ ಮಳೆಗಾಲದಲ್ಲಿ, ಗೋರೆಗಾಂವ್‌ನ ಆಫೀಸಿನಿಂದ ಮರಳುವಾಗ, ಲೋಕಲ್ ರೈಲಿನಲ್ಲಿ ನನ್ನ ಹೆಗಲಿಗೆ ಸೀನಿದ ಮಹನೀಯರೊಬ್ಬರು ನನಗೆ ಫ್ಲೂ ದಯಪಾಲಿಸಿದರು. ನನ್ನ ಜ್ವರದಿಂದ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಸೋಮವಾರ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಕೆಮ್ಮಿದ್ದರೆ ಮುಟ್ಟುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಮ್ಮನಿಗೋ, ಎದುರು ಬಿಲ್ಡಿಂಗ್‌ನಲ್ಲಿ ಒಣಹಾಕಿದ ನೈಟಿ ಸಹ ಯಾರೋ ನಿಂತಂತೆ ಕಾಣುತ್ತಿತ್ತು. "ಪಾಪ, ಆಗ್ಲಿಂದ ಮಳೇಲಿ ನೆನೀತಿದಾಳೆ ಕಣೋ" ಎಂದು ಮರುಗುತ್ತಿದ್ದರು.

ವೈರಸ್‌ಗಳನ್ನು ಅಭ್ಯಾಸ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಮಗಳು ಸಂಜೆ ಬಾಗಿಲು ತೆಗೆದಾಗ ಕಂಡದ್ದು, ಹಾಲ್‌ನ ನಡುವೆ ಹೊಗೆಯಾಡುವ ಒಂದು ಕಂಬಳಿ ಮತ್ತು ಅದರಡಿ ಎರಡು ಗುಡ್ಡ.

"ಅಪ್ಪಾ! ಅಜ್ಜೀನೂ ಒಳಗೆ? ಪಾಗಲ್ ಹೋ ಕ್ಯಾ?"

"ಹಬೆ ಆಚೆ ಹೋಗತ್ತೆ, ಬಾಗಿಲು ಹಾಕ್ಕೊಂಡು ನೀನೂ ಬಾರೇ" ಎಂದಿತು ಚಿಕ್ಕ ಗುಡ್ಡ.

ಕಂಬಳಿ ಹಾರಿತು. ವಿಚಾರಣೆ ಶುರುವಾಯಿತು. ಅಜ್ಜಿಗೆ ಈ ವರ್ಷದ ಫ್ಲೂ ಇಂಜೆಕ್ಷನ್ ಅವಳೇ ಹಾಕಿಸಿದ್ದಳು. ನನ್ನದು?

"ಹೋದ ವರ್ಷ ಆಗಿದೆಯಲ್ಲಮ್ಮ" ಎಂದು, ತೋಳಿನ ಮೇಲಿದ್ದ ಬಾಲ್ಯದ ಸಿಡುಬಿನ ಚುಚ್ಚುಮದ್ದಿನ ಕಲೆಯನ್ನು ಸಾಕ್ಷಿಯಾಗಿ ಹಾಜರುಪಡಿಸಿದೆ. "ಇದನ್ನ ಯಾರಾದ್ರೂ ವರ್ಷಾವರ್ಷ ರಿನ್ಯೂ ಮಾಡ್ತಾರೆಯೇ?"

"ಆ ವೈರಸ್ ಬೇರೆ, ಅಪ್ಪಾ. ಫ್ಲೂ ನಿಮ್ಮ ಮೂಗಲ್ಲಿ ತನ್ನದೇ ಕಾಪಿ ಮಾಡ್ತಾ ಇರತ್ತೆ, ಜಲ್ದಿ ಜಲ್ದಿ, ಮಿಸ್ಟೇಕ್ ಜೊತೆ. ಚೆಕ್ ಮಾಡೋರು ಯಾರೂ ಇಲ್ಲ. ಬಹಳ ಕಾಪಿ ವೇಸ್ಟ್. ಯಾವುದೋ ಒಂದು ಮಾತ್ರ ಶರ್ಟ್ ಬದಲಾಯಿಸಿ ಬರತ್ತೆ. ಹೋದ ವರ್ಷದ ಇಂಜೆಕ್ಷನ್ ನಮ್ಮ ಬಿಲ್ಡಿಂಗ್ ವಾಚ್‌ಮನ್ ಥರಾ. ಅವನು ಹಳೇ ಶರ್ಟ್ ನೋಡಿ ಹಿಡೀತಾನೆ, ಹೊಸ ಶರ್ಟ್‌ಗೆ ಸಲಾಂ ಹೊಡೀತಾನೆ."

ನನ್ನ ಮೂಗಿನಲ್ಲಿ ಲಕ್ಷಾಂತರ ವೈರಸ್ ಇದ್ದರೂ ಇನ್ನೊಬ್ಬರೊಳಗೆ ಹೋಗಿ ನೆಲೆಯೂರುವವು ಕೆಲವೇ ಕೆಲವಂತೆ. ಅದೂ ಅದೃಷ್ಟವಿದ್ದವು, ದಾದರ್‌ನಲ್ಲಿ ಲೋಕಲ್ ಹತ್ತುವುದರಲ್ಲಿ ಯೋಗ್ಯತೆಯ ಪ್ರಶ್ನೆ ಹೇಗೆ ಬರುವುದಿಲ್ಲವೋ ಹಾಗೆ. ಆ ಕೆಲವೇ ಅಲ್ಲಿ ಹೊಸ ವಂಶ ಸ್ಥಾಪಿಸುತ್ತವೆ. ಕಂಬಳಿಯೊಳಗೆ ಎಷ್ಟಕ್ಕೆ ಸೀಟು ಸಿಕ್ಕಿತೋ ಯಾರಿಗೂ ಗೊತ್ತಿರಲಿಲ್ಲ.

"ಇಂಜೆಕ್ಷನ್ ಆಗಿದೆಯಲ್ಲ, ಅಜ್ಜಿಗೆ ಬರಲ್ಲ ಅಲ್ವಾ?"

"ಚಾನ್ಸ್ ಕಡಿಮೆ. ಗ್ಯಾರಂಟಿ ನಹೀ" ಎಂದು ಅವಳು ನನ್ನನ್ನು ಬೆಡ್‌ರೂಮಿಗೆ ಗಡಿಪಾರು ಮಾಡಿದಳು.

ಅಮ್ಮನಿಗೆ ಮೊಮ್ಮಗಳ ಮೇಲೆ ಸಿಟ್ಟು. "ಹೆತ್ತ ಮಗನ ನೆಗಡಿ ನಂಗೆ ಬರತ್ತೇನೇ?" ಎಂದು ಬಾಗಿಲಾಚೆಯಿಂದ ಕೇಳುತ್ತಲೇ ಇದ್ದರು. ನಾನು ಮಾತ್ರ ಗೋಡೆಗೆ ಕಿವಿಯಿಟ್ಟು ಅವರ ಗಂಟಲನ್ನು ಕಾಯುತ್ತಿದ್ದೆ. ಭಾನುವಾರ ಮಧ್ಯಾಹ್ನ ಅಮ್ಮ ಕೆಮ್ಮಿದರು. ಎರಡು ಸಲ. ನನ್ನ ಜ್ವರ ಆ ಕ್ಷಣದಲ್ಲೇ ಇಳಿದುಹೋಯಿತು, ಮೈಯೆಲ್ಲ ತಣ್ಣಗಾಯಿತು.

"ಒಗ್ಗರಣೆ ಘಾಟು ಕಣೋ!" ಎಂದು ಅಡುಗೆಮನೆಯಿಂದ ಗದರಿದರು. "ಮೆಣಸಿನಕಾಯಿ ಸೀದುಹೋಯ್ತು. ಕಣ್ಣು ಕಂಡ್ರೆ ತಾನೇ?"

ಸೋಮವಾರ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದ ಅಮ್ಮ, ಮಾಸ್ಕ್ ಹಾಕಿಕೊಂಡು ಬೆಡ್‌ರೂಮಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. ಮಾಸ್ಕ್ ಇಳಿಸು ಎಂದರು. ಇಳಿಸಿದೆ.

"ಅಯ್ಯೋ, ಯಾವಾಗ ಕಣೋ ಇಷ್ಟು ನರೆತುಹೋದೆ? ಬೀದೀಲಿ ಸಿಕ್ಕಿದ್ರೆ ಯಾರೋ ಯಜಮಾನ್ರು ಅಂತ ದಾರಿ ಬಿಡ್ತಿದ್ದೆನಲ್ಲೋ!"

"ದೇಖಾ ಅಪ್ಪಾ?" ಎಂದಳು ಮಗಳು. "ಹೊಸ ಶರ್ಟ್."