ಖಾಕಿ ಅಂಗಿಯ ಮೇಲೆ ಹಳೆಯ ಸೀರೆ

ನನ್ನ ಸೊಸೆ ಬಸ್ ಕಂಡಕ್ಟರು. ನಮ್ಮೂರು ಬಸವಕಲ್ಯಾಣದಿಂದ ಹುಮನಾಬಾದಿಗೆ, ಅಲ್ಲಿಂದ ತಿರುಗಿ ಬಸವಕಲ್ಯಾಣಕ್ಕೆ. ಹೆರಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಹೊರಟಾಗ ನನ್ನ ಮೊಮ್ಮಗಳಿಗೆ ಆರು ತಿಂಗಳು. ಎರಡು ಟ್ರಿಪ್ಪಿನ ನಡುವೆ ಬಸ್ಸು ನಮ್ಮೂರಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಆಗ ಕೂಸನ್ನು ಸ್ಟ್ಯಾಂಡಿಗೆ ಒಯ್ದು ಹಾಲು ಕುಡಿಸುವುದೆಂದು ಮನೆಯವರೆಲ್ಲ ಕೂತು ಗೊತ್ತು ಮಾಡಿದೆವು. ನನ್ನ ಹೆಂಡತಿಗೆ ಮೊಣಕಾಲು ನೋವು. ಹಾಗಾಗಿ ಒಯ್ಯುವ ಭಾಗ್ಯ ನನಗೆ ಬಂತು. ಪೇಟೆಯಲ್ಲಿ ಎದುರಾದ ಯಾರನ್ನೂ ಕೂಸಿನ ಮುಖ ತೋರಿಸದೆ ನಾನು ಮುಂದೆ ಬಿಟ್ಟವನಲ್ಲ.

ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ತಮ್ಮ ಕೋಣೆಯ ಹಿಂದೆ ಹಳೆಯ ಕಾಗದ ತುಂಬಿದ್ದ ಖೋಲಿಯೊಂದನ್ನು ಖಾಲಿ ಮಾಡಿಸಿ, ಕುರ್ಚಿ ಇಡಿಸಿ, ಬಾಗಿಲಿಗೆ ಒಳಗಡೆ ಚಿಲಕ ಕೂಡಿಸಿದ್ದರು. “ಇದು ನಿನ್ನ ಖೋಲಿ ತಂಗೀ. ಬ್ಯಾರೆ ಯಾರೂ ಬರಂಗಿಲ್ಲ,” ಎಂದು ಸೊಸೆಗೆ ಹೇಳಿದರು.

ಇಷ್ಟೆಲ್ಲ ಆದ ಮೇಲೆ ಕೂಸೇ ಒಲ್ಲೆ ಅಂದಿತು! ಮೊದಲ ದಿನ ಬರೀ ಅಳು. ಎರಡನೆಯ ದಿನ ಇನ್ನೂ ಜೋರು. ಸೊಸೆಯೂ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದಳು. ಮನೆಗೆ ಬಂದವಳೇ ಅತ್ತೆಗೆ, “ನಾಳಿಗೂ ಹಿಂಗಾದ್ರ ನೌಕರಿ ಬಿಡ್ತೇನ್ರಿ,” ಎಂದಳು. ಆ ನೌಕರಿಗಾಗಿ ಅವಳು ಎಷ್ಟು ಓದಿದ್ದಳು ಎಂಬುದು ನನಗೆ ಗೊತ್ತು.

ನಾನು ಮೂವತ್ತು ವರ್ಷ ಎಮ್ಮೆ ಕಟ್ಟಿದವನು. ಕರು ತಾಯಿಯನ್ನು ವಾಸನೆಯಿಂದ ಗುರುತು ಹಿಡಿಯುತ್ತದೆ. ಖಾಕಿ ಅಂಗಿಗೆ ಡೀಸೆಲ್ಲು, ಧೂಳು, ಮಂದಿಯ ಬೆವರು. ಅದರಲ್ಲಿ ಕೂಸಿಗೆ ಅವ್ವ ಹೇಗೆ ಸಿಗಬೇಕು? ಅವಳು ಮನೆಯಲ್ಲಿ ಉಡುವ ಹಳೆಯ ಸೀರೆ ಹೊದ್ದುಕೊಂಡರೆ ಆದೀತು ಅನ್ನಿಸಿತು. ಮಾವನಾದವನು ಸೊಸೆಗೆ ಹೇಳುವ ಮಾತಲ್ಲ ಅದು. ಹೆಂಡತಿಗೆ ಹೇಳಿದೆ.

“ನಾಚಿಕಿ ಇಲ್ಲೇನ್ರಿ ನಿಮಗ? ಸೊಸೀನ ಎಮ್ಮಿ ಮಾಡಿದ್ರಿ!” ಎಂದು ಬೈದಳು.

ಮೂರನೆಯ ದಿನ ಯಾರನ್ನೂ ಕೇಳದೆ ಕೂಸನ್ನು ಆ ಸೀರೆಯಲ್ಲೇ ಸುತ್ತಿಕೊಂಡು ಹೋದೆ. ಸೊಸೆ ಬಸ್ಸಿಳಿದು ಕೈ ಚಾಚಿದಳು. ನಾನು ಕೂಸಿನ ಮುಖ ನೋಡಿಕೊಂಡು ಹೇಳಿದೆ: “ಏ ನನ ಬಂಗಾರಾ, ನಿಮ್ಮವ್ವಗ ಹೇಳು. ಈ ಸೀರಿ ಹೊಚ್ಚಿಕೊಂಡು ಕೂಡು, ನನಗ ಅಂಗಿ ವಾಸನಿ ಸೇರಂಗಿಲ್ಲ ಅನ್ನು.”

ಸೊಸೆಯೂ ಕೂಸಿಗೇ ಉತ್ತರ ಕೊಟ್ಟಳು: “ನಿಮ್ಮ ಮುತ್ಯಾ ಡಾಕ್ಟರ್ ಯಾವಾಗ ಆದ್ರು, ಕೇಳು.”

ಖೋಲಿಯ ಚಿಲಕ ಬಿತ್ತು. ಅಳು ಶುರುವಾಯಿತು. ನಡುವೆಯೇ ನಿಂತಿತು. ನಾನೂ ಸಾಹೇಬರೂ ಉಸಿರು ಹಿಡಿದು ನಿಂತೆವು. ಮತ್ತೆ ಅಳು ಬರಲಿಲ್ಲ.

“ಟೈಮ್ ಆತ್ರಿ ಸಾಹೇಬ್ರ,” ಎಂದು ಡ್ರೈವರು ಕೂಗಿದ.

“ಸುಮ್ಮ ಇರಪಾ! ಕೂಸು ಉಣ್ಣಾಕತ್ತದ. ಐದು ಮಿನಿಟ್ ತಡಾ ಆದ್ರ ಹುಮನಾಬಾದ ಎಲ್ಲೂ ಓಡಿ ಹೋಗಂಗಿಲ್ಲ!” ಎಂದರು ಸಾಹೇಬರು.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಬಾಗಿಲು ತೆರೆದಾಗ ಕೂಸಿನ ಕಣ್ಣು ಅರೆಮುಚ್ಚಿತ್ತು, ಗದ್ದದ ಮೇಲೆ ಹಾಲಿತ್ತು. ಈ ಸಲ ಸೊಸೆ ನನಗೇ ನೇರವಾಗಿ ಹೇಳಿದಳು: “ಮಾಮಾ, ಎರಡೂ ಕಡಿ ಕುಡೀತ್ರಿ! ನಾಳಿಗೂ ಇದೇ ಹೊತ್ತಿಗಿ ಕರಕೊಂಡ್ ಬರ್ರಿ.” ಅಂದವಳೇ ನಾಚಿ, ಓಡಿಹೋಗಿ ಬಸ್ಸು ಹತ್ತಿದಳು.

ನಾನೂ ನಾಚಿದೆ. ಆದರೇನು, ಮನೆ ಮುಟ್ಟುವವರೆಗೆ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿಕೊಂಡು ಬಂದೆ.